ಹೆಸರು ಹಿಡಿದು ಕೇಳಿದವರು

ಹಳೇಬೀಡಿನ ಗೈಡು ಲಕ್ಷ್ಮೀಶನ ಬಗ್ಗೆ ಬರೆಯಬೇಕಾದವನು ನಾನಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನನ್ನಷ್ಟು ಅವನನ್ನು ಗಮನಿಸಿದವರು ಬೇರೆ ಯಾರೂ ಇಲ್ಲ.

ಗಂಡಸಿ ಕಡೆಯವನು. ದೇವಸ್ಥಾನದ ಗೇಟಿನ ಮುಂದೆ ಸೌತೆಕಾಯಿ ಮಾರುತ್ತ, ನಮ್ಮಂಥ ಗೈಡುಗಳ ಮಾತು ಕೇಳಿ ಕೇಳಿ ತಾನೂ ಗೈಡಾದ. ಬರುವುದು ಕನ್ನಡವೊಂದೇ. ನಾನು ಶಶಿಧರ್, ಮೈಸೂರಿನಲ್ಲಿ ಫ್ರೆಂಚ್ ಕಲಿತು ಬಂದವನು. ಟೂರ್ ಕಂಪನಿಯ ಬಸ್ಸುಗಳು ನನ್ನನ್ನೇ ಕೇಳಿಕೊಂಡು ಬರುತ್ತಿದ್ದವು. ಗೈಡುಗಳು ಬೆಳಿಗ್ಗೆ ಬಂದ ಕ್ರಮದಲ್ಲಿ ಮರದ ಕೆಳಗೆ ಸರದಿ ಕಾಯಬೇಕು. ಆದರೆ ಹೆಸರು ಹಿಡಿದು ಕೇಳಿಕೊಂಡು ಬಂದವರಿಗೆ ಸರದಿ ಅನ್ವಯಿಸುವುದಿಲ್ಲ. ಆ ನಿಯಮ ಮಾಡಿಸಿದವನು ನಾನೇ. ಲಕ್ಷ್ಮೀಶ ಎಷ್ಟೋ ದಿನ ಅಲ್ಲೇ ಕೂತು ಕೂತು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

ಕೊರೊನಾ ಬಂದು ಗೇಟಿಗೆ ಬೀಗ ಬಿತ್ತು. ಲಾಡ್ಜು, ಹೋಟೆಲು, ಟ್ಯಾಕ್ಸಿ, ಗೊಂಬೆ ಅಂಗಡಿ ಎಲ್ಲರದೂ ಒಂದೇ ಪಾಡು. ಟೂರ್ ಕಂಪನಿಯವರು ಫೋನ್ ಎತ್ತುವುದನ್ನೇ ಬಿಟ್ಟರು. ವಿಮಾನ ಯಾವಾಗ ಶುರುವಾಗುತ್ತದೋ ಎಂದು ನಾನು ಟಿವಿ ಮುಂದೆ ಕೂತೆ. ಲಕ್ಷ್ಮೀಶ ಹಳೇ ಟಿವಿಎಸ್ ಗಾಡಿಗೆ ತರಕಾರಿ ಹೇರಿಕೊಂಡು ಜಾವಗಲ್, ಗಂಡಸಿ ಸುತ್ತ ಹಳ್ಳಿಹಳ್ಳಿ ತಿರುಗಿದ. ಬೀನ್ಸ್ ತೂಗುತ್ತಲೇ ದೇವಸ್ಥಾನದ ಕಥೆ ಹೇಳುತ್ತಿದ್ದನಂತೆ.

“ಗೇಟು ತೆಗೀಲಿ ಕಣಕ್ಕ, ಮನೆಮಂದಿಯೆಲ್ಲ ಬನ್ನಿ. ನಾನೇ ತೋರಿಸ್ತೀನಿ” ಎಂದು ಎಲ್ಲರನ್ನೂ ಕರೆದು ಬರುತ್ತಿದ್ದನಂತೆ. ಕೇಳಿ ನನಗೆ ನಗು ಬಂದಿತ್ತು.

ಗೇಟು ತೆಗೆಯಿತು. ವಿದೇಶದವರು ಬರಲಿಲ್ಲ. ಬಂದವರು ಅವನು ತರಕಾರಿ ಮಾರಿದ ಅರಸೀಕೆರೆ ಕಡೆಯ ಹಳ್ಳಿಯವರು, ಇಷ್ಟು ಹತ್ತಿರವಿದ್ದೂ ಒಮ್ಮೆಯೂ ಒಳಗೆ ಕಾಲಿಡದವರು. ಮಾಸ್ಕು ಕೆಳಗೆಳೆದು ಅವರು ಕೇಳುತ್ತಿದ್ದುದು ಒಂದೇ: “ತರಕಾರಿ ಲಕ್ಷ್ಮೀಶಣ್ಣ ಎಲ್ಲವ್ರೆ?”

ನಾನು ಮರದ ಕೆಳಗೆ ಕೂತೆ. ಅವನಿಗೆ ಕೂರಲು ಪುರುಸೊತ್ತಿಲ್ಲ. ಅವನು ಹೇಳುವುದಾದರೂ ಏನು? ಯಾವ ರಾಜ, ಯಾವ ಕಾಲ, ಒಂದೂ ಸರಿಯಿಲ್ಲ. ಕೈಲಾಸ ಎತ್ತುತ್ತಿರುವ ರಾವಣನ ಮುಂದೆ ನಿಂತು, “ಲಾಕ್‌ಡೌನಲ್ಲಿ ನಾವು ಸಂಸಾರ ಹೊತ್ತಿದ್ದೂ ಹಿಂಗೇ ಅಲ್ವ್ರಾ?” ಎನ್ನುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಹಾಳಾದವನು, ನನ್ನ ಓದಿಗೆಲ್ಲ ಮಣ್ಣು ಹಾಕಿದ.

ದಸರಾ ರಜೆಯಲ್ಲಿ ನಮ್ಮತ್ತೆ ಸುಮಿತ್ರಮ್ಮ ಗಂಡಸಿಯಿಂದ ನೆಂಟರನ್ನು ಕಟ್ಟಿಕೊಂಡು ಬಂದರು. ಹೆಂಡತಿ ಅಕ್ಷತಾಳೂ ಜೊತೆಗಿದ್ದಳು. ಅವಳು ನನ್ನ ವಿವರಣೆ ಒಮ್ಮೆಯೂ ಕೇಳಿದವಳಲ್ಲ. ಕೇಳಿದ್ದರೂ ಫ್ರೆಂಚ್ ತಿಳಿಯುತ್ತಿರಲಿಲ್ಲ. ಇವತ್ತಾದರೂ ಕನ್ನಡದಲ್ಲಿ ಕೇಳಲಿ, ಗಂಡ ಏನೆಂದು ಗೊತ್ತಾಗಲಿ ಎಂದು ಬೆಳಕು ಹರಿಯುವ ಮೊದಲೇ ಹೋಗಿ ಸರದಿಯಲ್ಲಿ ಮೊದಲನೆಯವನಾಗಿ ಕೂತಿದ್ದೆ. ಇಸ್ತ್ರಿ ಶರ್ಟು ಬೇರೆ ಹಾಕಿದ್ದೆ.

ಅತ್ತೆ ನನ್ನನ್ನು ದಾಟಿ ನೋಡಿದರು. “ನಮ್ಮ ಲಕ್ಷ್ಮೀಶ ಬಂದಿಲ್ವೇ?”

ಲಕ್ಷ್ಮೀಶ ಎದ್ದು ನಿಂತ. “ಇವತ್ತು ಸಾಹೇಬ್ರ ಸರದಿ ಕಣಮ್ಮ. ನಿಮ್ಮ ಅಳಿಯಂದಿರೇ ಇದ್ದಾರಲ್ಲ.”

“ಅಳಿಯಂದ್ರು ಎಲ್ಲಿಗ್ ಹೋಗ್ತಾರೆ, ಮನೇಲೇ ಇರ್ತಾರೆ. ನೀನು ಬಾರಪ್ಪ.”

ನಾನು ಅಕ್ಷತಾಳ ಮುಖ ನೋಡಿದೆ. ಅವಳು ಮೆಲ್ಲಗೆ ಹೇಳಿದಳು: “ಹೆಸರು ಹಿಡಿದು ಕೇಳಿದ್ರೆ ಸರದಿ ಇಲ್ಲ ಅಂತ ಮಾಡಿದ್ದು ನೀವೇ ಅಲ್ವೇನ್ರೀ?”

ಅವರ ಚಪ್ಪಲಿ, ಅತ್ತೆಯ ಬ್ಯಾಗು ನೋಡಿಕೊಳ್ಳುವ ಕೆಲಸ ನನಗೆ ಬಂತು. ಮೆಟ್ಟಿಲ ಹತ್ತಿರ ಕೂತೆ. ಸ್ವಲ್ಪ ಹೊತ್ತಿಗೆ ರಾವಣನ ಕಡೆಯಿಂದ ನಗು ಕೇಳಿಸಿತು. ಅಷ್ಟು ಜನರ ನಗುವಿನಲ್ಲಿ ಅಕ್ಷತಾಳದೇ ಜೋರು. ನನ್ನ ಮಾತಿಗೆ ಅವಳು ಒಮ್ಮೆಯೂ ಹಾಗೆ ನಕ್ಕಿಲ್ಲ.