ತುಳೀಬೇಡಪ್ಪನ ಹೆಬ್ಬೆರಳು

ಟೈಲ್ಸ್ ಕೂರಿಸುವ ಆ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಯಾರಿಗೂ ನೆನಪಿರಲಿಲ್ಲ. ಹಸಿ ನೆಲದ ಬಳಿ ಯಾರು ಸುಳಿದರೂ, ಮನೆಯ ಯಜಮಾನನೇ ಆಗಲಿ, ಅವನ ಬೆಕ್ಕೇ ಆಗಲಿ, "ತುಳೀಬೇಡಪ್ಪಾ" ಎಂದು ಗುಡುಗಿ ಗುಡುಗಿ ಆತ ತುಳೀಬೇಡಪ್ಪನೇ ಆಗಿಬಿಟ್ಟಿದ್ದ. ಕೂರಿಸಿದ್ದು ಸಿಮೆಂಟಿಗೆ ಕಚ್ಚಿಕೊಳ್ಳುವವರೆಗೆ ಅಲುಗಬಾರದು ಎಂಬುದೊಂದೇ ಅವನ ಶಾಸ್ತ್ರ.

ಕುಕ್ಕರುಗಾಲೇ ಅವನ ಸಿಂಹಾಸನ. ಕಾಲಿನ ಹೆಬ್ಬೆರಳುಗಳನ್ನು ಮಡಿಸಿ ನೆಲಕ್ಕೂರಿ, ಕೋಣೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಗೆಲ್ಲುತ್ತಾ ಹೋಗುವ ದಂಡನಾಯಕ. ಅಂಥವನ ಬಲ ಹೆಬ್ಬೆರಳೇ ದಂಗೆ ಎದ್ದಿತು. ಬುಡದ ಕೀಲಿನ ಮೇಲೆ ಮೂಳೆ ಬಟಾಣಿಯಂತೆ ಉಬ್ಬಿ, ಬೆರಳು ಮಡಿಯದಾಯಿತು. ಮಡಿಸಹೋದರೆ ಕಣ್ಣಲ್ಲಿ ನೀರು.

ಡಾಕ್ಟರಮ್ಮ ಎರಡು ದಾರಿ ಹೇಳಿದರು. ಕೀಲಿನೊಳಗಿನ ನುಣುಪು ಪದರ ಉಳಿದಿದ್ದರೆ, ಅಡ್ಡ ಬೆಳೆದ ಮೂಳೆಯನ್ನಷ್ಟೇ ಕೆತ್ತಿ ಕೀಲನ್ನು ಉಳಿಸಬಹುದು. ಸವೆದಿದ್ದರೆ ಸ್ಕ್ರೂ ಹಾಕಿ ಮೂಳೆಗಳನ್ನು ಒಂದಾಗಿಸಬೇಕು. ನೋವು ಹೋಗುತ್ತದೆ, ಬೆರಳು ಇನ್ನೆಂದೂ ಮಡಿಯದು. ಅಂದರೆ ಕುಕ್ಕರುಗಾಲಿಲ್ಲ, ಕಸುಬೂ ಇಲ್ಲ. ಯಾವುದೆಂಬುದು ಕೊಯ್ದು ನೋಡಿದ ಮೇಲೇ ಖಾತ್ರಿ.

ಸೊಂಟದ ಕೆಳಗೆ ಮರಗಟ್ಟಿಸಿ, ಎದೆಯ ಮೇಲೆ ಹಸಿರು ಬಟ್ಟೆ ಅಡ್ಡ ಕಟ್ಟಿದರು. ಆಚೆ ಉಳಿ, ಸುತ್ತಿಗೆಯ ಸದ್ದು. ಜೀವಮಾನವೆಲ್ಲ ತಾನು ಬಡಿದ ನೆಲಗಳು ಸೇರಿಕೊಂಡು ಸೇಡು ತೀರಿಸಿಕೊಳ್ಳುತ್ತಿವೆ ಎಂದು ಮೇಸ್ತ್ರಿ ಬೆವತುಹೋದ. ಕೊನೆಗೆ ಬಟ್ಟೆಯಾಚೆಯಿಂದ ಡಾಕ್ಟರಮ್ಮ, "ಉಳೀತು" ಎಂದರು.

ನಾಳೆಯಿಂದಲೇ ಬೆರಳನ್ನು ಮಡಿಸಿ ಬಿಡಿಸುತ್ತಿರಿ ಎಂದೂ ಹೇಳಿದರು. ಮೇಸ್ತ್ರಿ ಒಳಗೊಳಗೇ ನಕ್ಕ. ಪಾಪ, ಈಯಮ್ಮನಿಗೆ ಕೂರಿಸುವುದು ಗೊತ್ತು, ಕಚ್ಚಿಸುವುದು ಗೊತ್ತಿಲ್ಲ. ಮನೆಗೆ ಬಂದು ಕಾಲನ್ನು ದಿಂಬಿನ ಮೇಲೆ ಪ್ರತಿಷ್ಠಾಪಿಸಿದ. ಹೆಂಡತಿ ಹತ್ತಿರ ಬಂದರೆ, ಮಡಿಸುವುದೆಲ್ಲ ಬಚ್ಚಲಲ್ಲೇ ಆಯಿತೆಂದು ಸುಳ್ಳು ಹೇಳಿದ.

ಹೊಲಿಗೆ ಬಿಚ್ಚುವ ದಿನ ಡಾಕ್ಟರಮ್ಮ ಬೆರಳು ಹಿಡಿದೆತ್ತಿದರು. ಕದಲಲಿಲ್ಲ. ಅವರ ಮುಖದ ನಗು ಇಳಿಯಿತು.

"ದಿನಾ ಮಡಿಸ್ತಿದ್ರಾ?"

ಮೇಸ್ತ್ರಿ ಗೋಡೆ ನೋಡಿದ. ಹೆಂಡತಿ ಮೇಸ್ತ್ರಿಯನ್ನು ನೋಡಿದಳು.

"ಕಚ್ಕೊಳ್ಳಲಿ ಅಂತ ಬಿಟ್ಟಿದ್ದೆ ಮೇಡಂ."

"ಕಚ್ಕೊಳ್ತಾ ಇದೆ. ನಾನು ಉಳಿಸಿದ್ದನ್ನ ನೀವೇ ಸಿಮೆಂಟ್ ಹಾಕಿ ಮುಚ್ತಿದೀರ. ಇನ್ನು ಸ್ವಲ್ಪ ದಿನ ಹೀಗೇ ಬಿಟ್ರೆ ಅದು ಮಡಿಯೋದು ಕನಸೇ."

ದಾರಿಯುದ್ದಕ್ಕೂ ಹೆಂಡತಿ ಬಚ್ಚಲಿನ ಸುಳ್ಳನ್ನೇ ಎತ್ತಿ ಆಡಿದಳು. ಉಳಿಯ ಸದ್ದೇ ವಾಸಿಯಿತ್ತು ಅನ್ನಿಸಿತು ಅವನಿಗೆ. ಮನೆ ಸೇರಿದ್ದೇ ಅವಳು ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡಳು.

"ನಮ್ಮ ಹೊಸ ಮನೆಗೆ ನೆಲ ಹಾಕೋವಾಗ ತುಳೀಬೇಡ ತುಳೀಬೇಡ ಅಂತ ದಿನಗಟ್ಟಲೆ ನನ್ನ ಬಾಗಿಲಲ್ಲೇ ನಿಲ್ಲಿಸಿದ್ರಲ್ಲ. ಈಗ ನನ್ನ ಸರದಿ. ಹಲ್ಲು ಕಚ್ಕೊಳ್ಳಿ, ಬೆರಳಲ್ಲ."

ಅವನ ಆರ್ತನಾದಕ್ಕೆ ಎದುರುಮನೆಯವರು ಕಿಟಕಿ ತೆರೆದರು. ಬೆಳಿಗ್ಗೆ ಸಂಜೆ ಅದೇ ಸಮರ. ಬೆರಳು ಕೂದಲೆಳೆಯಷ್ಟು ಸೋಲುವುದು, ರಾತ್ರಿ ಕಳೆದರೆ ಮತ್ತೆ ಬಿಗಿದುಕೊಳ್ಳುವುದು.

ಮುಂದಿನ ಸಲ ಡಾಕ್ಟರಮ್ಮ ಬೆರಳು ಮುಟ್ಟಲಿಲ್ಲ. ನೆಲ ತೋರಿಸಿ, "ಕೂತ್ಕೊಳ್ಳಿ, ನೋಡೋಣ" ಎಂದರು.

ಮೇಜಿನಂಚು ಹಿಡಿದು ಮೇಸ್ತ್ರಿ ಇಳಿದ. ಹಿಮ್ಮಡಿ ಎದ್ದಿತು. ಬೆರಳು ಅರ್ಧ ಬಾಗಿ ನಿಂತುಬಿಟ್ಟಿತು. ಹೆಂಡತಿ ಸೆರಗು ಹಿಡಿದು ಹಿಂಡಿದಳು. ಅವನು ಉಸಿರು ಬಿಗಿಹಿಡಿದು ಇನ್ನಷ್ಟು ಭಾರ ಬಿಟ್ಟ. ತುಕ್ಕು ಹಿಡಿದ ತಿರುಗಣಿಯಂತೆ ಕೀಲು ಮೆಲ್ಲಗೆ ದಾರಿ ಬಿಟ್ಟಿತು. ಕೂತ. ಕೂತವನು ಏಳಲೇ ಇಲ್ಲ.

"ಏನ್ರೀ, ಸಿಕ್ಕಾಕ್ಕೊಂಡ್ತಾ?" ಹೆಂಡತಿ ಬಗ್ಗಿ ಅವನ ತೋಳು ಹಿಡಿದಳು.

ಮೇಸ್ತ್ರಿ ಕತ್ತು ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ನೆಲವನ್ನು ಮೂಲೆಯವರೆಗೂ ಅಳೆಯುತ್ತಿದ್ದ.

"ಇದು ಹಸಿ ಇದ್ದಾಗ ಯಾರೋ ತುಳಿದಿದ್ದಾರೆ ಮೇಡಂ," ಎಂದ.