ಹವಾಕ್ಕ ಮಾನ ಐತೇನು?

ಬೆಳಿಗ್ಗೆ ಏಳಕ್ಕೆ ಬಳ್ಳಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಕುರುಗೋಡಿನ ಬಸ್ ಹತ್ತಿದೆ. ಆಧಾರ್ ತೋರಿಸಿದೆ; ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟ. ಚೀಲದಲ್ಲಿ ನಾನೇ ಬರೆದ ನಾಲ್ಕು ಪುಟದ ಭಾಷಣವಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ರೈತರು ಭತ್ತದ ಹುಲ್ಲು ಸುಡದಂತೆ ಒಪ್ಪಿಸಿಯೇ ಬರುವೆನೆಂದು ಹೊರಟಿದ್ದೆ.

ಕುರುಗೋಡಿನಲ್ಲಿ ಬಸಮ್ಮಕ್ಕ ಕಾದಿದ್ದರು. ಎಮ್ಮೆ ಸಾಕುವ ಹೆಂಗಸರ ಸಂಘಕ್ಕೆ ಅವರೇ ಮುಂದಾಳು. ಎಮ್ಮೆಗಳ ಮೇವಿಗೆಂದು ಹುಲ್ಲನ್ನು ಕಂತೆ ಕಂತೆಯಾಗಿ ಸಿವುಡು ಕಟ್ಟುವ ಯಂತ್ರ ಗೊತ್ತು ಮಾಡಿದ್ದರು.

"ಹುಲ್ಲು ಉಳಿದ್ರ ನಾಳಿದ್ದ ಮಿಷಿನ್ ಕಳಸ್ತೀನಿ. ಬೂದಿ ಕಟ್ಟಾಕ ಮಿಷಿನ್ ಸಿಗಂಗಿಲ್ಲ ನೋಡವಾ," ಎಂದರು.

ಅಲ್ಲಿಂದ ಇನ್ನೊಂದು ಬಸ್ ಹತ್ತಿ ಸಿರುಗುಪ್ಪದಲ್ಲಿ ಇಳಿದು, ಕಾಲುವೆ ದಂಡೆಯ ಹಳ್ಳಿಗೆ ಆಟೊ ಹಿಡಿದೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಕೆಲವು ಆಗಲೇ ಕರ್ರಗಾಗಿದ್ದವು. ದಾರಿಗೆ ಹೊಗೆ ಕವಿದು, ಆಟೊದವನು ಮಟಮಟ ಮಧ್ಯಾಹ್ನ ದೀಪ ಹಾಕಿದ.

ಬೇವಿನ ಮರದ ಕೆಳಗೆ ಐದಾರು ರೈತರು ಕೂತಿದ್ದರು. ಕಾಲುವೆಗೆ ನೀರು ಬಿಡುವುದರೊಳಗೆ ಗದ್ದೆ ಖಾಲಿಯಾಗಬೇಕು, ಅದಕ್ಕೇ ಬೆಂಕಿ. ನಾನು ಎದ್ದು ನಿಂತು, "ಹವಾಮಾನ ಬದಲಾವಣೆ ಎಂದರೆ..." ಎಂದು ಓದತೊಡಗಿದೆ.

ಹಿರಿಯ ಈರಣ್ಣ ಕೈ ಎತ್ತಿದರು. "ಹವಾಕ್ಕ ಮಾನ ಐತೇನವಾ? ನಮ್ಮೂರಾಗ ಮನಷ್ಯಾರಿಗೇ ಇಲ್ಲ!"

ಎಲ್ಲರೂ ನಕ್ಕರು. ನನ್ನ ಎರಡನೇ ಪುಟ ಬರಲೇ ಇಲ್ಲ.

ಅಷ್ಟರಲ್ಲಿ ಚಹಾ ತಂದ ಈರಣ್ಣನ ಸೊಸೆ ಶಾಂತಮ್ಮ, ಕಂಕುಳಲ್ಲಿ ಕೂಸು, ಅಲ್ಲೇ ನಿಂತಳು. "ಐತಿ ಮಾವಾ. ಹೋದ ವರ್ಷ ನೀವು ಕಡ್ಡಿ ಗೀರಿದ ದಿನ ಈ ಕೂಸು ಉಸರಾಡಾಕ ಒದ್ದಾಡ್ತು. ದವಾಖಾನ್ಯಾಗ, 'ಮನ್ಯಾಗ ಯಾರು ಬೀಡಿ ಸೇದ್ತಾರ' ಅಂತ ಬೈದ್ರು. ನಾ ಏನ್ ಹೇಳ್ಲಿ? ನಮ್ಮ ಹೊಲಾನ ಬೀಡಿ ಸೇದತೈತಿ ಅನ್ಲೇನು? ಅವತ್ತ ಹೋತು ಮಾನ."

ಈರಣ್ಣ ಕೂಸನ್ನೇ ನೋಡುತ್ತ ಕೂತರು. ನಾನು ಹಾಳೆ ಮಡಚಿದೆ.

"ಕಾಕಾ, ನಾಳಿದ್ದ ಮಿಷಿನ್ ಬಂದು ಹುಲ್ಲು ಕಟ್ಟಿ ಗದ್ದಿ ಖಾಲಿ ಮಾಡತೈತಿ. ನಾನ ಜೋಡಿ ಬರತೀನಿ," ಎಂದೆ.

ಅವರು ಅಂಗಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು. "ಮಿಷಿನ್ ಬರಲಿಲ್ಲಂದ್ರ ನೀನ ಇದನ್ನ ಹೊಳ್ಳಿ ತಂದು ಕೊಡಬೇಕು. ಓದಿದಾಕಿ ಮಾನಾನೂ ನೋಡೂಣು."

ಕಡ್ಡಿಪೆಟ್ಟಿಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ; ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಇನ್ನಿಬ್ಬರು ತಮ್ಮವನ್ನೂ ಕೊಟ್ಟರು. ಉಳಿದವರು ಗದ್ದೆ ಸುಡುವುದಿಲ್ಲ ಎಂದರು, ಬೀಡಿಗೆ ಬೇಕೆಂದು ಪೆಟ್ಟಿಗೆ ಮಾತ್ರ ಬಿಡಲಿಲ್ಲ.

ಆಟೊ ಹೊರಟಾಗ ತಿರುಗಿ ನೋಡಿದೆ. ಕಾಲುವೆಯ ಆಚೆ ಹೊಗೆ ಏಳುತ್ತಲೇ ಇತ್ತು. ಈಚೆ ಈರಣ್ಣನ ಗದ್ದೆ ಹಳದಿಯಾಗಿಯೇ ಇತ್ತು. ಸಿರುಗುಪ್ಪದಿಂದಲೇ ಬಸಮ್ಮಕ್ಕನಿಗೆ ಫೋನ್ ಮಾಡಿ, ಮಿಷಿನ್ ತಪ್ಪುವಂತಿಲ್ಲ ಎಂದು ಎರಡು ಸಲ ಹೇಳಿದೆ.

ಬಳ್ಳಾರಿಗೆ ಮರಳುವ ಬಸ್ಸು ಮೋಕ ದಾಟುವಾಗ ತಪಾಸಣೆಯವರು ಹತ್ತಿ ಟಿಕೆಟ್, ಆಧಾರ್ ಕೇಳಿದರು. ಚೀಲಕ್ಕೆ ಕೈಹಾಕಿದರೆ ಮೊದಲು ಬಂದದ್ದು ಮೂರು ಕಡ್ಡಿಪೆಟ್ಟಿಗೆ.

"ಏನವಾ, ಯಾರ ಮನಿ ಸುಡಾಕ ಹೊಂಟಿ?"

"ಸುಡಬಾರದಂತನ ಇಸಗೊಂಡು ಬಂದೀನ್ರಿ," ಎಂದೆ. ಭಾಷಣದ ಹಾಳೆಯಲ್ಲೇ ಅವನ್ನು ಬಿಗಿಯಾಗಿ ಸುತ್ತಿ ಚೀಲದ ತಳಕ್ಕೆ ತಳ್ಳಿದೆ.