ಕರೆಂಟಿಲ್ಲದ ಮಧ್ಯಾಹ್ನ ಬಂದ ನೀಲಿ

ದೆವ್ವ, ಗಾಳಿ, ದೃಷ್ಟಿ ಅಂತ ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವಳು ನಾನೇ. ಬರೀ ನಕ್ಕು ಸುಮ್ಮನಾಗುತ್ತಿರಲಿಲ್ಲ, ಹೇಳಿದವರ ಬಾಯಿ ಮುಚ್ಚಿಸುವ ತನಕ ಬಿಡುತ್ತಿರಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರು ಅನ್ನೋದು ನಮ್ಮ ಕ್ಯಾಲನೂರು ಕಡೆ ಎಲ್ಲರಿಗೂ ಗೊತ್ತು. ಅಂಥವಳು ಇಂಥದ್ದೊಂದನ್ನು ಬರೆಯೋಕೆ ಕೂತಿದ್ದೀನಿ. ನಗುವವರು ನಗಲಿ, ಬೇಜಾರಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮದುವೆಗೆ ಮುಂಚೆ ಕೋಲಾರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಮದುವೆಯಾದ ಮೇಲೆ ಅದೇ ಕೆಲಸವನ್ನು ಮನೆಗೆ ತಂದುಕೊಂಡೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲವೂ ನಮ್ಮ ನಡುಮನೆಯ ಕಂಪ್ಯೂಟರಿನಲ್ಲೇ ಟೈಪಾಗಿ ಪ್ರೆಸ್ಸಿಗೆ ಹೋಗುತ್ತಿದ್ದವು. ಅದು ಕೆಟ್ಟರೆ ಬಿಚ್ಚೋದೂ ನಾನೇ, ಜೋಡಿಸೋದೂ ನಾನೇ. ಕೋಲಾರದ ತನಕ ಹೊತ್ತುಕೊಂಡು ಹೋಗಿ ಅಂಗಡಿಯವನ ಮುಂದೆ ಕೈಕಟ್ಟಿ ನಿಲ್ಲೋದು ನನ್ನ ಕೈಲಿ ಆಗೋ ಕೆಲಸವಲ್ಲ.

ಮನೆ ಊರಾಚೆ, ತೋಟದಲ್ಲೇ. ನಮ್ಮ ಯಜಮಾನರು ನಾರಾಯಣಸ್ವಾಮಿ ನರಸಾಪುರದಲ್ಲಿ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸಕ್ಕಿದ್ದರು. ಶಿಫ್ಟ್ ಮುಗಿಸಿ ಬಂದರೆ ಟೊಮೇಟೊ ತೋಟ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನಮ್ಮತ್ತೆ. ಪಕ್ಕದ ತೋಟ ಯಜಮಾನರ ಚಿಕ್ಕಪ್ಪನ ಮಗ ಮುನಿರಾಜುದು. ಹಿರಿಯರು ಪಾಲು ಮಾಡುವಾಗ ಜಮೀನು ಹಂಚಿದರು, ದನ ಹಂಚಿದರು, ಪಾತ್ರೆ ಪಗಡ ಕೂಡ ಹಂಚಿದರು. ಇದ್ದ ಒಂದೇ ಬೋರ್‌ವೆಲ್ಲನ್ನು ಹಂಚೋದು ಹೇಗೆ? ಒಂದು ದಿನ ಇವರು, ಒಂದು ದಿನ ಅವರು ನೀರು ಬಿಟ್ಟುಕೊಳ್ಳಲಿ ಅಂದರು. ಸ್ಟಾರ್ಟರ್ ಡಬ್ಬಕ್ಕೆ ಒಂದು ಬೀಗ, ಮನೆಗೊಂದರಂತೆ ಎರಡು ಕೀ. ಎಲ್ಲ ಸರಿ. ಆದರೆ ಮೋಟಾರು ಓಡಬೇಕಾದರೆ ತ್ರೀ ಫೇಸ್ ಕರೆಂಟು ಬರಬೇಕು, ಅದು ದಿನಾ ಬರೋದಿಲ್ಲ, ಬಂದರೂ ಹೇಳಿದ ಹೊತ್ತಿಗೆ ಬರೋದಿಲ್ಲ. ನಮ್ಮ ಸರದಿಯ ದಿನ ಕರೆಂಟೇ ಬರದಿದ್ದರೆ ಆ ಸರದಿ ಮುಳುಗಿತೋ, ಮರುದಿನಕ್ಕೆ ಉಳಿಯಿತೋ? ಈ ಒಂದು ಮಾತನ್ನು ಆ ಪುಣ್ಯಾತ್ಮರು ಹೇಳಲೇ ಇಲ್ಲ.

ಹೊಡೆದಾಟವೆಲ್ಲ ಅದರ ಮೇಲೆಯೇ. ತ್ರೀ ಫೇಸ್ ಬಂತು ಅಂದರೆ ಸಾಕು, ಇವರೂ ಓಡುತ್ತಿದ್ದರು, ಅವನೂ ಓಡುತ್ತಿದ್ದ.

ಕಂಪ್ಯೂಟರಿಗೆ ನೀಲಿ ಬರೋಕೆ ಶುರುವಾಗಿದ್ದೂ ಈ ಹೊಡೆದಾಟ ಜೋರಾದ ಬೇಸಿಗೆಯಲ್ಲೇ. ಕಂಡವರಿಗೆ ಗೊತ್ತಿರುತ್ತೆ. ಕೆಲಸ ಮಾಡುತ್ತಿದ್ದಂತೆ ಪರದೆಯೆಲ್ಲ ನೀಲಿಯಾಗಿ, ಒಂದು ಸಪ್ಪೆ ಮೋರೆಯ ಗುರುತು ಬಂದು, ಏನೋ ತೊಂದರೆಯಾಗಿದೆ, ವಿವರ ಸಂಗ್ರಹಿಸುತ್ತಿದ್ದೇವೆ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಕೆಳಗೆ ನೂರಕ್ಕೆ ಎಷ್ಟು ಆಯಿತು ಅನ್ನೋ ಲೆಕ್ಕ. ನಮ್ಮದರಲ್ಲಿ ಆ ಲೆಕ್ಕ ಸೊನ್ನೆ ಬಿಟ್ಟು ಮೇಲೆ ಏಳುತ್ತಲೇ ಇರಲಿಲ್ಲ. ಅಲ್ಲೇ ನಿಂತು, ಹಾಗೇ ಆರಿಹೋಗೋದು. ಜೊತೆಗೆ ನಾನು ಟೈಪು ಮಾಡಿದ್ದೂ ಹೋಗೋದು.

ಮೊದಲ ಸಲ ಬಂದಾಗ ಯಾರದೋ ಲಗ್ನಪತ್ರಿಕೆ ಅರ್ಧ ಆಗಿತ್ತು. ಅದನ್ನು ಬೈಯುತ್ತಾ ಕೂತಿದ್ದೆ, ಅಷ್ಟರಲ್ಲಿ ಹೊರಗಡೆ ಕಿರುಚಾಟ. ಎದ್ದು ನೋಡಿದರೆ ಯಜಮಾನರು ತಲೆ ಹಿಡಿದುಕೊಂಡು ಬರುತ್ತಿದ್ದಾರೆ, ಕಿವಿಯಿಂದ ರಕ್ತ ಶರ್ಟಿನೊಳಗೆ ಇಳಿಯುತ್ತಿದೆ. ಟೊಮೇಟೊ ಗಿಡಕ್ಕೆ ಆಸರೆಯಾಗಿ ನೆಡುವ ನೀಲಗಿರಿ ಕಡ್ಡಿಯಲ್ಲಿ ಮುನಿರಾಜು ಬೀಸಿದ್ದ. ಎರಡನೇ ಸಲ ನೀಲಿ ಬಂದ ದಿನ ಇವರು ಅವನ ಬಾಯಿಗೆ ಗುದ್ದಿ ಎರಡು ಹಲ್ಲು ಉದುರಿಸಿದರು. ಇನ್ನೊಂದು ಸಲ ಇಬ್ಬರೂ ನೀರು ನಿಂತ ಕೆಸರಿನಲ್ಲಿ ಬಿದ್ದು, ಒಬ್ಬರ ಕತ್ತು ಒಬ್ಬರು ಅಮುಕಿಕೊಂಡು ಹೊರಳಾಡುತ್ತಿದ್ದರು. ಬಿಡಿಸಲು ಹೋದ ನನ್ನ ಹೊಟ್ಟೆಗೂ ಒಂದು ಒದೆ ಬಿತ್ತು. ಯಾರ ಕಾಲು ಅಂತ ಇವತ್ತಿಗೂ ಗೊತ್ತಿಲ್ಲ.

ನೀಲಿಗೂ ಜಗಳಕ್ಕೂ ಗಂಟು ಹಾಕಿದ್ದು ನಮ್ಮತ್ತೆ. ಅವರ ತವರು ಮುಳಬಾಗಿಲು ಕಡೆ. ಗಾಬರಿಯಾದರೆ ಕನ್ನಡ ಹೋಗಿ ತೆಲುಗು ಬರುತ್ತೆ. "ಅಯ್ಯೋ ದೇವುಡಾ, ಅದು ನೀಲಿ ಆದ್ರೆ ಮನೇಲಿ ರಕ್ತ ಬೀಳ್ತೈತಲ್ಲಮ್ಮಾ! ಎತ್ತಿ ಆಚೆ ಎಸಿ ಅದನ್ನ" ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ಬಿಡಬೇಕಲ್ಲ, ನಾನಿಲ್ಲದಾಗ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಸಿಪಿಯು ಡಬ್ಬಕ್ಕೆ ಕಟ್ಟಿಬಿಟ್ಟಿದ್ದರು.

"ಅತ್ತೆ, ಇದೇನು ಲಾರಿನಾ?" ಅಂದೆ.

"ಲಾರಿಗಿಂತ ಕೆಟ್ಟದ್ದು ಕಣಮ್ಮ ಇದು. ಇರಲಿ ಬಿಡು" ಅಂದರು. ಹಾಳಾಗಿ ಹೋಗಲಿ ಅಂತ ಬಿಟ್ಟೆ.

ಆದರೆ ಕೆಲಸ ಹಾಳಾಗೋದನ್ನು ಎಷ್ಟು ದಿನ ಸಹಿಸಲಿ? ಒಂದೊಂದಾಗಿ ನೋಡುತ್ತಾ ಬಂದೆ. ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ಕಳಚಿ, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕಿದೆ. ಫ್ಯಾನಿನ ಧೂಳು ತೆಗೆದೆ. ಫಾರ್ಮ್ಯಾಟ್ ಹೊಡೆದು ಎಲ್ಲ ಹೊಸದಾಗಿ ಹಾಕಿದೆ. ಆದರೂ ನೀಲಿ. ಆಮೇಲೆ ಒಂದು ದಿನ ತಲೆಗೆ ಹೊಳೀತು. ನಮ್ಮ ಮನೆಗೆ ಲೈನು ಬರೋದು ತೋಟದ ಮೋಟಾರುಗಳ ಟ್ರಾನ್ಸ್‌ಫಾರ್ಮರಿನಿಂದಲೇ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ವೋಲ್ಟೇಜು ಕುಸಿಯುತ್ತೆ. ನನ್ನ ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ಹಾಗಾಗಿ ತ್ರೀ ಫೇಸ್ ಬಂದರೆ ಕಂಪ್ಯೂಟರಿಗೆ ನೀಲಿ. ತ್ರೀ ಫೇಸ್ ಬಂದರೆ ಬೋರ್‌ವೆಲ್ ಹತ್ತಿರ ಜಗಳ. ಎರಡಕ್ಕೂ ಕಾರಣ ಒಂದೇ, ಒಂದಕ್ಕೊಂದು ಸಂಬಂಧ ಇಲ್ಲ.

ನನಗಾದ ಖುಷಿ ಅಷ್ಟಿಷ್ಟಲ್ಲ. ಹೊಸ ಯುಪಿಎಸ್ ತಂದು ಹಾಕಿದೆ. ಅಲ್ಲಿಂದ ಮುಂದೆ ಮೋಟಾರುಗಳು ಎಷ್ಟೇ ಗುಂಯ್‌ಗುಟ್ಟಿದರೂ ಕಂಪ್ಯೂಟರ್ ಕಮಕ್ ಕಿಮಕ್ ಅನ್ನಲಿಲ್ಲ. ಜಗಳ ಮಾತ್ರ ಮೊದಲಿನಂತೆಯೇ ನಡೀತಿತ್ತು. "ನೋಡಿದ್ರಾ ಅತ್ತೆ? ನೀಲಿ ಇಲ್ಲ, ಹೊಡೆದಾಟ ಐತೆ. ಈಗೇನಂತೀರಿ?" ಅಂತ ಕೇಳಿದೆ. ಅವರು ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಅದು ಮುಗಿದ ಕಥೆ ಅಂತಲೇ ನಾನು ತಿಳಿದಿದ್ದೆ.

ಆ ದಿನದ ಮಾತಿಗೆ ಬರ್ತೀನಿ. ಲೈನಿನ ಕೆಲಸ ಅಂತ ಬೆಳಗ್ಗೆಯಿಂದ ಕರೆಂಟು ತೆಗೆದಿದ್ದರು. ತ್ರೀ ಫೇಸೂ ಇಲ್ಲ, ಮನೆಗೂ ಇಲ್ಲ. ಯಜಮಾನರು ಮಧ್ಯಾಹ್ನದ ಶಿಫ್ಟಿಗೆ ಅಂತ ಕಂಪನಿ ಬಸ್ಸು ಹತ್ತಿ ಹೋಗಿದ್ದರು. ಹಾಗಾಗಿ ಅವತ್ತು ಜಗಳದ ಭಯವೇ ಇರಲಿಲ್ಲ. ಅತ್ತೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ಸುಮ್ಮನೆ ಕೂರೋದೇಕೆ ಅಂತ ನಾನು ಕಂಪ್ಯೂಟರ್ ಧೂಳು ಹೊಡೆಯೋಕೆ ಇಳಿದೆ. ಯುಪಿಎಸ್ ಆರಿಸಿದೆ. ಒಂದೊಂದು ವೈರನ್ನೂ ಕಿತ್ತೆ. ಮಾನಿಟರ್ ಮೇಜಿನ ಮೇಲೇ ಉಳೀತು, ಅದರ ವೈರುಗಳು ಕೆಳಗೆ ನೇತಾಡುತ್ತಿದ್ದವು. ಸಿಪಿಯು ಡಬ್ಬವನ್ನು ಬಾಗಿಲ ಹತ್ತಿರ ಬೆಳಕಿಗೆ ತಂದು, ಒಣಗಿ ಕಪ್ಪಾಗಿದ್ದ ಆ ನಿಂಬೆಹಣ್ಣನ್ನು ಕಿತ್ತು ತಿಪ್ಪೆಗೆ ಎಸೆದು, ಮುಚ್ಚಳ ಬಿಚ್ಚಿ, ರ‍್ಯಾಮ್ ಕಳಚಿದೆ. ರ‍್ಯಾಮನ್ನು ಎಡಗೈಯಲ್ಲಿ ಹಿಡಿದು ರಬ್ಬರಿನಲ್ಲಿ ಉಜ್ಜುತ್ತಾ ಕೂತೆ.

ಇಷ್ಟು ಬಿಡಿಸಿ ಹೇಳುತ್ತಿರುವುದು ಯಾಕೆಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ವೈರು ಇತ್ತಾ, ಬ್ಯಾಟರಿಯಲ್ಲಿ ಕರೆಂಟು ಉಳಿದಿತ್ತಾ ಅಂತ. ಇರಲಿಲ್ಲ. ಯಾವುದೂ ಇರಲಿಲ್ಲ.

ಎದುರಿನ ಗೋಡೆ ಪಕ್ಕ ನೀರಿನ ಸ್ಟೀಲ್ ಬಿಂದಿಗೆ ಇತ್ತು. ಅದರ ಮೇಲೆ ನೀಲಿ ಬೆಳಕು ಬಿತ್ತು. ನಾನು ತಿರುಗಿ ನೋಡಿದೆ. ಮಾನಿಟರ್ ಉರಿಯುತ್ತಿತ್ತು. ಅದೇ ನೀಲಿ, ಅದೇ ಸಪ್ಪೆ ಮೋರೆ, ಅದೇ ಅಕ್ಷರ. ವೈರುಗಳು ಹಾಗೇ ನೇತಾಡುತ್ತಿದ್ದವು. ಯಾವಾಗಲೂ ಸೊನ್ನೆಯಲ್ಲಿ ನಿಲ್ಲುತ್ತಿದ್ದ ಲೆಕ್ಕ ಈ ಸಲ ಏರುತ್ತಿತ್ತು. ಮೂವತ್ತು ನೋಡಿದೆ. ರೆಪ್ಪೆ ಬಡಿದು ನೋಡುವಷ್ಟರಲ್ಲಿ ಐವತ್ತಾಗಿತ್ತು. ಎಂಬತ್ತು ದಾಟಿದಾಗ ನಾನು ಎದ್ದೆ. ಕಾಲು ತಾನಾಗಿಯೇ ಬೋರ್‌ವೆಲ್ ಕಡೆಗೆ ಓಡಿತು. ಹೊಸಿಲು ದಾಟುವಾಗ ಒಂದು ಸಲ ಹಿಂದಿರುಗಿ ನೋಡಿದೆ, ತೊಂಬತ್ತರ ಮೇಲಿತ್ತು.

ಕಾಲಲ್ಲಿ ಚಪ್ಪಲಿ ಇರಲಿಲ್ಲ. ಟೊಮೇಟೊ ಸಾಲು ದಾಟಿದ ಕೂಡಲೇ ಕಂಡಿತು. ಸ್ಟಾರ್ಟರ್ ಡಬ್ಬದ ಕೆಳಗಿನ ಸಿಮೆಂಟು ಕಟ್ಟೆಯ ಮೇಲೆ ಮುನಿರಾಜು ಅಂಗಾತ ಬಿದ್ದಿದ್ದ. ಅವನ ಎಡಭುಜ ಸೀಳಿಹೋಗಿ ರಕ್ತ ಕಟ್ಟೆಯಿಂದ ಮಣ್ಣಿಗೆ ಇಳಿಯುತ್ತಿತ್ತು. ಅವನ ಎದೆಯ ಮೇಲೆ ಒಂದು ಕಾಲಿಟ್ಟು ನಿಂತಿದ್ದವರು ನರಸಾಪುರದಲ್ಲಿ ಇರಬೇಕಾಗಿದ್ದ ನನ್ನ ಗಂಡ. ಮೈಮೇಲೆ ಕಂಪನಿಯ ಶರ್ಟು, ಕತ್ತಲ್ಲಿ ಐಡಿ ಕಾರ್ಡು, ಕೈಯಲ್ಲಿ ಕಡ್ಡಿ ಚೂಪು ಮಾಡುವ ಮಚ್ಚು. "ರೀ!" ಅಂದೆ. ತಿರುಗಿ ನನ್ನನ್ನೇ ನೋಡಿದರು, ಆದರೆ ಗುರುತು ಹಿಡಿಯಲಿಲ್ಲ. ಆರು ವರ್ಷ ಜೊತೆಗೆ ಬಾಳಿದ ಮನುಷ್ಯ, ಯಾರೋ ಬೇರೆಯವರನ್ನು ನೋಡಿದ ಹಾಗೆ ನೋಡಿ, ಮಚ್ಚನ್ನು ಮತ್ತೆ ಎತ್ತಿದರು. ಈ ಸಲ ಮುನಿರಾಜುವಿನ ಕುತ್ತಿಗೆಗೆ.

ಅದು ಧೈರ್ಯ ಅಲ್ಲ, ದಯವಿಟ್ಟು ಯಾರೂ ಹಾಗನ್ನಬೇಡಿ. ಕೈ ಮುಂದೆ ಹೋಯಿತು ಅಷ್ಟೇ. ಬಲಗೈಯಲ್ಲಿ ಮಚ್ಚಿನ ಅಲಗನ್ನೇ ಹಿಡಿದೆ. ಅವರು ಎಳೆದರು, ನಾನು ಬಿಡಲಿಲ್ಲ, ಅಲಗು ಅಂಗೈಯೊಳಗೆ ಜಾರಿತು. ಮೂಳೆಗೆ ತಾಗಿದ ಸದ್ದು ನನಗೆ ಕೇಳಿಸಿತು. ಕೆಳಗಿನಿಂದ ಮುನಿರಾಜು, ಅಲ್ಲಿಯತನಕ ನನ್ನನ್ನು ಕಂಡರೆ ಉಗಿಯುತ್ತಿದ್ದ ಮುನಿರಾಜು, "ಬಿಡಬೇಡಿ ಅತ್ತಿಗೆ, ಬಿಡಬೇಡಿ" ಅಂತ ಮಗುವಿನ ಥರ ಅಳುತ್ತಿದ್ದ. ನನ್ನ ರಕ್ತ ಇವರ ಮೊಣಕೈ ತನಕ ಇಳಿದ ಮೇಲೆ ಹಿಡಿತ ಸಡಿಲವಾಯಿತು. ಅಲ್ಲೇ ಕುಸಿದು ಕೂತರು. ಆಮೇಲೆ ನಮ್ಮತ್ತೆ ಓಡಿಬಂದು ಲಬೋ ಲಬೋ ಅಂತ ಬಾಯಿ ಬಡಿದುಕೊಂಡು ಊರನ್ನೆಲ್ಲ ಸೇರಿಸಿದರು.

ಕೋಲಾರದ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಬಲಗೈಗೆ ಬಟ್ಟೆ ಸುತ್ತಿ, "ಎಡಗೈ ಮುಷ್ಟಿ ಬಿಚ್ಚಿ" ಅಂದರು. ಬಿಚ್ಚೋಕೆ ಆಗಲಿಲ್ಲ. ಅವರೇ ಒಂದೊಂದು ಬೆರಳನ್ನೂ ಬಿಡಿಸಿದರು. ಒಳಗೆ ರ‍್ಯಾಮ್ ಇತ್ತು. ಅದರ ಹಲ್ಲುಗಳು ಅಂಗೈಯಲ್ಲಿ ಸಾಲಾಗಿ ಒತ್ತಿಕೊಂಡಿದ್ದವು. "ಇದೇನಮ್ಮ ಇದು?" ಅಂದರು. ಕಂಪ್ಯೂಟರಿಂದು ಅಂದೆ.

ನಡೆದದ್ದು ಆಮೇಲೆ ತಿಳೀತು. ಕರೆಂಟಿಲ್ಲದ ದಿನ ಯಾರೂ ಬೋರ್‌ವೆಲ್ ಕಡೆ ಬರೋಲ್ಲ ಅಂತ ಮುನಿರಾಜು ಹಳೆಯ ಬೀಗ ಒಡೆದು ತನ್ನದೇ ಹೊಸ ಬೀಗ ಹಾಕುತ್ತಿದ್ದ. ಯಾರೋ ನೋಡಿದವರು ಇವರಿಗೆ ಫೋನ್ ಮಾಡಿದರು. ಇವರು ದಾರಿಯಲ್ಲೇ ಬಸ್ಸಿಳಿದು, ಆಟೋ ಹಿಡಿದು, ಮನೆಗೂ ಬಾರದೆ ನೇರ ತೋಟಕ್ಕೆ ಹೋಗಿದ್ದರು. ಮುನಿರಾಜು ಬದುಕಿದ. ಕೇಸಾಯಿತು, ಇವರು ಜೈಲು ಕಂಡು ಜಾಮೀನಿನ ಮೇಲೆ ಬಂದರು, ಕಂಪನಿ ಕೆಲಸ ಹೋಯಿತು. ಕರೆಂಟು ಬಾರದ ದಿನದ ಸರದಿ ಮರುದಿನಕ್ಕೆ ಉಳೀತದೆ ಅಂತ ಹಿರಿಯರು ಈಗ ತೀರ್ಮಾನ ಮಾಡಿದ್ದಾರೆ. ಎಷ್ಟು ಬುದ್ಧಿವಂತರು ನೋಡಿ!

ನಾನು ಕಂಡದ್ದನ್ನು ಮೊದಮೊದಲು ಯಾರಿಗೂ ಹೇಳಲಿಲ್ಲ. ಅತ್ತೆಗೂ ಇಲ್ಲ, ಇವರಿಗೂ ಇಲ್ಲ. ಜಾಮೀನಿನ ಮೇಲೆ ಬಂದ ದಿನ ಸಂಜೆ ಇವರು ಕಾಫಿ ಲೋಟ ಹಿಡಿದು ಜಗಲಿ ಮೇಲೆ ಕೂತಿದ್ದರು. ನನ್ನ ಕೈಯ ಪಟ್ಟಿ ನೋಡುತ್ತಾ ತಾವಾಗಿಯೇ ಅಂದರು, "ಹೊಸ ಬೀಗ ನೋಡಿದ್ದು ನೆಪ್ಪೈತೆ. ಆಮೇಲೆ ಕಣ್ಮುಂದೆ ಎಲ್ಲಾ ನೀಲಿ ಆಗೋಯ್ತು ಕಣೇ. ಬರೀ ನೀಲಿ. ಮತ್ತೆ ಕಂಡಿದ್ದು ನಿನ್ ಕೈನೇ." ನನ್ನ ಕೈಲಿದ್ದ ಲೋಟ ಜಾರಿ ಬಿತ್ತು. ಗಾಯದ ಕೈ, ಹಿಡಿತ ಇಲ್ಲ ಅಂತ ಅವರು ತಿಳಿದರು.

ತಿಳಿದವರೊಬ್ಬರಿಗೆ ಒಮ್ಮೆ ಎಲ್ಲ ಹೇಳಿದೆ. ಅಂಗಳದಲ್ಲಿ ನೀಲಿ ಟಾರ್ಪಾಲು ಒಣಹಾಕಿತ್ತಾ, ಅದರ ಬೆಳಕು ಬಿದ್ದಿರಬೇಕು ಅಂದರು. ಟಾರ್ಪಾಲು ಇತ್ತು, ನಿಜ. ಮೊದಲಿನ ನಾನಾಗಿದ್ದರೆ ಅದನ್ನೇ ಹಿಡಿದುಕೊಂಡು ಸಾಧಿಸುತ್ತಿದ್ದೆ. ಆದರೆ ಟಾರ್ಪಾಲು ನೂರರವರೆಗೆ ಎಣಿಸುತ್ತಾ? ಆಮೇಲೆ ಅತ್ತೆಗೂ ಹೇಳಿದೆ, ಕಂಪ್ಯೂಟರೇ ನನ್ನನ್ನು ಎಬ್ಬಿಸಿ ಓಡಿಸಿತು ಅಂತ ಅವರು ಈಗ ಅದಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ನನ್ನನ್ನು ಕರೆದದ್ದು ಆ ನೀಲಿಯೇ ಆದರೆ, ನನ್ನ ಗಂಡನ ಕಣ್ಣಿಗೆ ತುಂಬಿದ್ದು ಯಾವುದು?

ಕಂಪ್ಯೂಟರ್ ಈಗಲೂ ಅದೇ ಮೇಜಿನ ಮೇಲಿದೆ. ಅದೇ ರ‍್ಯಾಮ್ ಹಾಕಿದ್ದೀನಿ, ಅವತ್ತಿನಿಂದ ಒಂದು ಸಲವೂ ನೀಲಿ ಬಂದಿಲ್ಲ. ಬಲಗೈಯ ಎರಡು ಬೆರಳು ಮಡಚೋದಿಲ್ಲ, ಉಳಿದವುಗಳಲ್ಲೇ ಟೈಪು ಮಾಡ್ತೀನಿ. ಅವತ್ತು ಆ ಲೆಕ್ಕ ನೂರು ಮುಟ್ಟಿತೋ ಇಲ್ಲವೋ ನಾನು ನೋಡಿಲ್ಲ. ತ್ರೀ ಫೇಸ್ ಬಂದು ಮೋಟಾರುಗಳು ಶುರುವಾದಾಗ ಇವತ್ತಿಗೂ ನಾನು ಟೈಪು ನಿಲ್ಲಿಸಿ ಮೊದಲು ಪರದೆ ನೋಡ್ತೀನಿ. ಆಮೇಲೆ ನನ್ನ ಗಂಡನ ಕೈ ನೋಡ್ತೀನಿ.